ಅಪ್ಪನ ಸೈಕಲ್ಲಿಗೆ ಯಾವ ಪೇಂಟ್ ಹೊಡೆಸಲಿ?

ಅಪ್ಪ ಓಡಿಸುತ್ತಿದ್ದ ಹಳೇ ಸ್ಟೀಲ್ ಸೈಕಲ್. ಕಪ್ಪು ಬಣ್ಣ ಎದ್ದುಹೋಗಿದೆ, ಅಲ್ಲಲ್ಲಿ ತುಕ್ಕು, ಮೇಲಿನ ಪೈಪಿನಲ್ಲಿ ಒಂದು ಗುಳಿ. ಬೆಂಗಳೂರಿನಲ್ಲಿದ್ದೇನೆ. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಾಕಿ ಓವನ್ನಿನಲ್ಲಿ ಬೇಯಿಸುವುದು) ಮಾಡಿಸಲೋ, ಡಬ್ಬಿ ಸ್ಪ್ರೇ ಸಾಕೋ? ಮ್ಯಾಟ್ ಮೇಲೆ ಮನಸ್ಸಿದೆ. ಮಾಡಿಸಿದವರು ಹೇಳಿ.

— ದಿನಾ ಓಡಿಸುವುದಾದರೆ ಪೌಡರ್ ಕೋಟಿಂಗೇ. ಪೀಣ್ಯದ ಕಡೆ ವಿಚಾರಿಸಿ. ಆದರೆ ನನ್ನ ತಪ್ಪು ನೀವು ಮಾಡಬೇಡಿ. ಬಿಬಿ ಕಪ್ (ಪೆಡಲಿನ ಅಚ್ಚು ತಿರುಗುವ ಬೇರಿಂಗಿನ ಬಟ್ಟಲು) ಕೂರುವ ಥ್ರೆಡ್ ಮುಚ್ಚಿ ಅಂತ ಹೇಳಲು ಮರೆತಿದ್ದೆ. ಪೌಡರ್ ಅದರೊಳಗೂ ಕೂತು ಬೆಂದು ಕಲ್ಲಾಗಿತ್ತು. ಕಪ್ ಅರ್ಧ ಸುತ್ತೂ ತಿರುಗಲಿಲ್ಲ. ಟ್ಯಾಪ್ ಹಾಕಿಸಿ ಥ್ರೆಡ್ ಬಿಡಿಸಲು ಲೇತ್ ಅಂಗಡಿಗೆ ಎರಡು ಸಲ ಅಲೆದೆ. ಬೇರಿಂಗ್, ಕಪ್ ಎಲ್ಲ ಬಿಚ್ಚಿ, ಬರೀ ಫ್ರೇಮ್ ಕೊಡಿ.

— ಗುಳಿಗೆ ಪುಟ್ಟಿ ತುಂಬಿ ಪೌಡರಿಗೆ ಕೊಟ್ಟೀರಿ, ಜೋಕೆ! ಓವನ್ನಿನಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವು. ಕಾರಿಗೆ ಹಾಕುವ ಮಾಮೂಲಿ ಪುಟ್ಟಿ ಅಲ್ಲಿ ಗುಳ್ಳೆ ಏಳುತ್ತದೆ. ಗುಳಿ ಮುಚ್ಚಲೇಬೇಕಾದರೆ ಕಾರ್ ಪೇಂಟಿಂಗ್ ಶೆಡ್ಡಿನಲ್ಲಿ ಎಪಾಕ್ಸಿ ಪ್ರೈಮರ್, ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಸಿ. ಮುಂದೆ ಗೀರು ಬಿದ್ದರೆ ಅಷ್ಟೇ ಜಾಗ ಟಚಪ್ ಮಾಡಬಹುದು. ಮನೆಯಲ್ಲಿ ನೀವೇ ಹೊಡೆಯಬೇಡಿ. ಪಿಯು ಪೇಂಟಿಗೆ ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಏನೂ ತಡೆಯುವುದಿಲ್ಲ.

— ಮಂಗಳೂರಿನಿಂದ ನನ್ನದೂ ಒಂದು. ಪೌಡರ್ ಒಂದು ಕಡೆ ಚೂರು ಎದ್ದಿತ್ತು, ಸುಮ್ನೆ ಬಿಟ್ಟೆ. ನೀರು ಅಲ್ಲಿಂದ ಒಳಗೆ ಹೋಗಿ, ಮಳೆಗಾಲ ಮುಗಿಯುವಷ್ಟರಲ್ಲಿ ಕೋಟಿಂಗ್ ಹಲಸಿನ ಹಪ್ಪಳದ ಹಾಗೆ ಸುಲಿದು ಬಂತು. ಅಡಿಯಲ್ಲೆಲ್ಲ ತುಕ್ಕು. ಬ್ಲಾಸ್ಟಿಂಗ್ (ಮರಳಿನಂಥ ಕಣ ರಭಸವಾಗಿ ಹೊಡೆದು ಹಳೇ ಬಣ್ಣ, ತುಕ್ಕು ತೆಗೆಯುವುದು) ಮಾಡಿಸಿದ ದಿನವೇ ಪ್ರೈಮರ್ ಬೀಳಬೇಕು, ಅದೂ ಜಿಂಕ್ ಇರುವುದಾದರೆ ಒಳ್ಳೆಯದು.

— ಡಬ್ಬಿ ಸ್ಪ್ರೇ ಅಷ್ಟೇನೂ ಕೆಟ್ಟದ್ದಲ್ಲ. ಖರ್ಚು ಕಡಿಮೆ, ಕೆಲಸ ಜಾಸ್ತಿ. ತೆಳ್ಳಗೆ ನಾಲ್ಕೈದು ಸಲ ಹೊಡೆಯಿರಿ, ದಪ್ಪಗೆ ಹೊಡೆದರೆ ಇಳಿಯುತ್ತದೆ. ಮುಟ್ಟಿದರೆ ಒಣಗಿದೆ ಅನಿಸಿದರೂ ಒಂದು ವಾರ ಜೋಡಿಸಬೇಡಿ. ನಾನು ಮರುದಿನವೇ ಜೋಡಿಸಿದೆ, ಕ್ಲ್ಯಾಂಪ್ ಕೂತ ಕಡೆಯೆಲ್ಲ ಬಣ್ಣ ಅಂಟಿಕೊಂಡು ಬಂತು. ಇನ್ನು ಮ್ಯಾಟ್ ನೋಡಲು ಚೆಂದ, ಆದರೆ ಗ್ರೀಸ್ ಕೈ ತಾಗಿದರೆ ಕಲೆ ಹೋಗುವುದಿಲ್ಲ. ಜೋರಾಗಿ ಉಜ್ಜಿದರೆ ಆ ಜಾಗ ಮಾತ್ರ ಮಿಂಚುತ್ತದೆ.

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನನ್ನು ಕೇಳಿದೆ. ಗುಳಿ ನಮ್ಮ ಮನೆ ಗೇಟಿಗೆ ಗುದ್ದಿ ಆದದ್ದಂತೆ, ಮುಚ್ಚಬೇಡ ಅಂದರು. ಹಾಗಾಗಿ ಪುಟ್ಟಿಯ ತಕರಾರೇ ಇಲ್ಲ, ಪೌಡರಿಗೇ ಕೊಡುತ್ತೇನೆ. ಮ್ಯಾಟ್ ಬೇಡ, ಮೊದಲಿನ ಹಾಗೆ ಗ್ಲಾಸಿ ಕಪ್ಪು. ಅದರ ಮೇಲೆ ಕೈಯಲ್ಲಿ ಚಿನ್ನದ ಗೆರೆ ಎಳೆಯುವವರು ಈಗಲೂ ಸಿಗುತ್ತಾರಾ?