ಪದಚರ್ಚೆ: ‘ವೇವ್ಡ್’, ‘ರಿಲೀಸ್ಡ್’ ಎರಡಕ್ಕೂ ‘ಕೈಬಿಟ್ಟರು’ ಸಾಕೇ?

ಪ್ರಶ್ನೆ:
ಅಮೆರಿಕನ್ ಫುಟ್‌ಬಾಲ್‌ನ ಅಫೆನ್ಸಿವ್ ಲೈನ್‌ಮನ್ (ದಾಳಿ ಮಾಡುವ ತಂಡದ ಮುಂಚೂಣಿ ಸಾಲಿನ ಆಟಗಾರ) ಒಬ್ಬರ ವೃತ್ತಿ ಪರಿಚಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಡ್ರಾಫ್ಟೆಡ್, ವೇವ್ಡ್, ರಿಲೀಸ್ಡ್, ಪ್ರಾಕ್ಟೀಸ್ ಸ್ಕ್ವಾಡ್ ಇವು ಮತ್ತೆ ಮತ್ತೆ ಬರುತ್ತವೆ. ವೇವ್ಡ್, ರಿಲೀಸ್ಡ್ ಎರಡಕ್ಕೂ ‘ತಂಡದಿಂದ ಕೈಬಿಟ್ಟರು’ ಎಂದರೆ ಅರ್ಥ ಕೆಡುತ್ತದೆಯೇ? ‘ಟ್ಯಾಕಲ್’ ಎಂಬ ಸ್ಥಾನಕ್ಕೆ ಏನೆನ್ನೋಣ?

ಉತ್ತರ:
ಖಂಡಿತ ಕೆಡುತ್ತದೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಲೆಕ್ಕಕ್ಕೆ ಸೇರುವ ನಾಲ್ಕು ಸೀಸನ್ ಪೂರೈಸದ ಆಟಗಾರ ತಂಡಕ್ಕೆ ಬೇಡವಾದರೂ ಕೂಡಲೇ ಸ್ವತಂತ್ರನಾಗುವುದಿಲ್ಲ. ಅವನ ಹೆಸರು ಉಳಿದ 31 ತಂಡಗಳ ಮುಂದೆ ಹೋಗುತ್ತದೆ. ಸಾಮಾನ್ಯವಾಗಿ 24 ಗಂಟೆಯೊಳಗೆ ಯಾವುದಾದರೂ ತಂಡ ಕೇಳಿದರೆ, ಹಳೆಯ ಕರಾರಿನ ಸಮೇತ ಅವನು ಆ ತಂಡದ ಪಾಲು. ಹಲವು ತಂಡ ಕೇಳಿದರೆ ಸೋಲು-ಗೆಲುವಿನ ಲೆಕ್ಕದಲ್ಲಿ ಹಿಂದೆ ಬಿದ್ದಿರುವ ತಂಡಕ್ಕೆ ಮೊದಲ ಹಕ್ಕು. ಯಾರೂ ಕೇಳದಿದ್ದರಷ್ಟೇ ಅವನು ಸ್ವತಂತ್ರ. ಇದು ವೇವ್ಡ್. ನಾಲ್ಕು ಸೀಸನ್ ಮುಗಿಸಿದವನಾದರೆ ಬಿಟ್ಟ ಕೂಡಲೇ ತನಗೆ ಬೇಕಾದ ತಂಡದೊಂದಿಗೆ ಮಾತಾಡಬಹುದು, ಅದು ರಿಲೀಸ್ಡ್. ಹಾಗಾಗಿ ಮೊದಲನೆಯದಕ್ಕೆ ‘ವೇವರ್ ಪಟ್ಟಿಗೆ ಹಾಕಿದರು’, ಎರಡನೆಯದಕ್ಕೆ ‘ಕರಾರಿನಿಂದ ಬಿಡುಗಡೆ ಮಾಡಿದರು’ ಎನ್ನಿ. ಸೀಸನ್ ನಡುವೆ ಆಟಗಾರರ ವಿನಿಮಯದ ಗಡುವು ದಾಟಿದ ಮೇಲೆ ಹಿರಿಯರೂ ವೇವರ್ ಮೂಲಕವೇ ಹೋಗಬೇಕು. ಆದ್ದರಿಂದ ಅನುಭವದ ವರ್ಷ ಎಣಿಸಿ ಪದ ಬದಲಿಸಬೇಡಿ, ಮೂಲದಲ್ಲಿ ಏನಿದೆಯೋ ಅದನ್ನೇ ನಂಬಿ.

ಪ್ರಾಕ್ಟೀಸ್ ಸ್ಕ್ವಾಡ್‌ಗೆ ‘ಅಭ್ಯಾಸ ತಂಡ’ ಸರಿ, ‘ಮೀಸಲು ತಂಡ’ ಬೇಡ. ಗಾಯಾಳುಗಳ ‘ರಿಸರ್ವ್’ ಪಟ್ಟಿ ಬೇರೆಯೇ ಇದೆ, ಎರಡೂ ಕಲಸಿಹೋಗುತ್ತವೆ. ಅಭ್ಯಾಸ ತಂಡದವರು 53 ಜನರ ಮುಖ್ಯ ಪಟ್ಟಿಯ ಹೊರಗಿರುತ್ತಾರೆ.

ಡ್ರಾಫ್ಟ್‌ಗೆ ‘ಕರಡು’ ಎಂದು ಬರೆದದ್ದು ಯಂತ್ರಾನುವಾದಗಳಲ್ಲಿ ಕಾಣುತ್ತದೆ, ಅದು ಶುದ್ಧ ತಪ್ಪು. ಐಪಿಎಲ್ ಗುಂಗಿನಲ್ಲಿ ‘ಹರಾಜು’ ಎಂದರೂ ತಪ್ಪೇ: ಇಲ್ಲಿ ಹಣದ ಪೈಪೋಟಿಯಿಲ್ಲ, ತಂಡಗಳು ಹೊಸ ಆಟಗಾರರನ್ನು ಏಳು ಸುತ್ತಿನಲ್ಲಿ ಸರದಿಯಂತೆ ಆರಿಸುತ್ತವೆ. ‘ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಆಯ್ಕೆಯಾದರು’ ಎಂದರೆ ಸ್ಪಷ್ಟ. ಯಾರೂ ಆರಿಸದವರಿಗೆ ‘ಡ್ರಾಫ್ಟ್‌ನಲ್ಲಿ ಆಯ್ಕೆಯಾಗದೆ ಸೇರಿದ’ ಎನ್ನಬಹುದು. 2004ರಲ್ಲಿ ಜೇಸನ್ ಪೀಟರ್ಸ್ ಹಾಗೆಯೇ ಬಫಲೋ ಬಿಲ್ಸ್ ಸೇರಿ, ಅಭ್ಯಾಸ ತಂಡದಿಂದ ಮೇಲೆ ಬಂದು, ಲೆಫ್ಟ್ ಟ್ಯಾಕಲ್ ಆಗಿ ಒಂಬತ್ತು ಬಾರಿ ಪ್ರೊ ಬೌಲ್‌ಗೆ (ಲೀಗ್‌ನ ಶ್ರೇಷ್ಠ ಆಟಗಾರರಿಗೆ ಸಿಗುವ ಗೌರವ) ಆಯ್ಕೆಯಾದರು. ಅಂಥವರ ಪರಿಚಯದಲ್ಲಿ ಈ ಪದಗಳು ತಪ್ಪಿದರೆ ಅವರು ಏರಿದ ಮೆಟ್ಟಿಲುಗಳೇ ಅಳಿಸಿಹೋಗುತ್ತವೆ.

‘ಟ್ಯಾಕಲ್’ ಅನ್ನು ಹಾಗೇ ಇಡಿ, ಆದರೆ ಮೊದಲ ಬಾರಿ ಬಂದಾಗ ಒಂದು ವಾಕ್ಯದ ವಿವರಣೆ ಕೊಡಿ. ಕಬಡ್ಡಿ ನೋಡುವವರಿಗೆ ಟ್ಯಾಕಲ್ ಎಂದರೆ ರೇಡರ್‌ನನ್ನು ಹಿಡಿದು ಕೆಡವುವುದು. ಇಲ್ಲಿ ಅಫೆನ್ಸ್ ಸಾಲಿನ ಐವರಲ್ಲಿ ನಡುವೆ ಸೆಂಟರ್, ಅವನ ಅಕ್ಕಪಕ್ಕ ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಇವರ ಕೆಲಸ ಎದುರಾಳಿಯನ್ನು ತಡೆಯುವುದು. ಹಿಡಿದು ಎಳೆದರೆ ‘ಹೋಲ್ಡಿಂಗ್’, 10 ಯಾರ್ಡ್ ದಂಡ.

‘ಸ್ಟಾರ್ಟೆಡ್ 16 ಗೇಮ್ಸ್’ ಎಂಬುದೂ ಬರುತ್ತದೆ. ‘16 ಪಂದ್ಯ ಆರಂಭಿಸಿದರು’ ಅಲ್ಲ, ‘16 ಪಂದ್ಯಗಳಲ್ಲಿ ಆರಂಭದಿಂದಲೇ ಕಣಕ್ಕಿಳಿದರು’.