ಕೂಲ್ಡ್ ಕ್ಯಾಮೆರಾ: ಪ್ರತಿ ನಕ್ಷತ್ರದ ಸುತ್ತ ಮಬ್ಬು, ಸೆನ್ಸರ್ ಹೋಯ್ತಾ?

ತೋಟದಮನೆ (ಚಿಕ್ಕಮಗಳೂರು):
ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟು ಆಕಾಶ ತಿಳಿಯಾಯಿತು ಅಂತ ನಿನ್ನೆ ಟೆಲಿಸ್ಕೋಪ್ ಅಂಗಳಕ್ಕೆ ತಂದೆ. ಚಿತ್ರದಲ್ಲಿ ನಾಯ್ಸ್ (ಕಾಳುಕಾಳು ಚುಕ್ಕೆ) ಕಡಿಮೆ ಆಗಲಿ ಅಂತ ಕ್ಯಾಮೆರಾದ ಕೂಲಿಂಗ್ ಹಾಕಿ ಸೆನ್ಸರ್ ಮೈನಸ್ 15 ಡಿಗ್ರಿಗೆ ಇಳಿಸಿದೆ. ಹತ್ತು ನಿಮಿಷ ಚಿತ್ರ ಚೆನ್ನಾಗಿತ್ತು, ಆಮೇಲೆ ಎಲ್ಲ ನಕ್ಷತ್ರಗಳ ಸುತ್ತ ಮಬ್ಬು, ನಡುವೆ ಜಾಸ್ತಿ. ಲೆನ್ಸ್ ಒರೆಸಿದೆ, ಫೋಕಸ್ ಮತ್ತೆ ಮಾಡಿದೆ, ಏನೂ ಆಗಲಿಲ್ಲ. ಎರಡು ವರ್ಷ ದುಡ್ಡು ಕೂಡಿಸಿ ತೆಗೆದುಕೊಂಡದ್ದು, ತುಂಬಾ ಬೇಜಾರಾಗಿದೆ.

ಹಾಸನದಹುಡುಗ:
ಗಾಬರಿ ಬೇಡ ಸರ್. ಕೂಲಿಂಗ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟರೆ ಮಬ್ಬು ಹೋಗುತ್ತಾ?

ತೋಟದಮನೆ:
ಹೌದು, ಹೋಯಿತು! ಮತ್ತೆ ತಣ್ಣಗೆ ಮಾಡಿದರೆ ಮತ್ತೆ ಬಂತು.

ಹಾಸನದಹುಡುಗ:
ಹಾಗಾದರೆ ಅದು ಐಸ್. ಸೆನ್ಸರ್ ಮುಂದಿನ ಗಾಜಿನ ಒಳಗಿರುವ ಗಾಳಿ ಯಾವಾಗಲೂ ಒಣಗಿಯೇ ಇರಬೇಕು. ಮಲೆನಾಡಿನ ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ತೇವ ಹೀರಲು ಇಟ್ಟ ಸಿಲಿಕಾ ಜೆಲ್ ನೀರು ಕುಡಿದು ಕೂತಿರುತ್ತದೆ. ಉಳಿದ ತೇವ ಎಲ್ಲಕ್ಕಿಂತ ತಣ್ಣಗಿರುವ ಜಾಗಕ್ಕೆ, ಅಂದರೆ ಸೆನ್ಸರ್ ಮೇಲೆಯೇ ಹೋಗಿ ಕೂರುತ್ತದೆ.

ನಾನು ಹಾಸನದ ಎಂಸಿಎಫ್‌ನ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ದೊಡ್ಡ ಡಿಶ್‌ಗಳನ್ನು ನೋಡುತ್ತಾ ಬೆಳೆದವನು, ಬಾಹ್ಯಾಕಾಶದ ಕ್ಯಾಮೆರಾ ಮಾತು ಬಂದರೆ ಸುಮ್ನೆ ಇರಲಾಗದು. ಶನಿಗ್ರಹಕ್ಕೆ ಹೊರಟಿದ್ದ ಕಸ್ಸಿನಿ ನೌಕೆಯ ಕ್ಯಾಮೆರಾವನ್ನು 2001ರಲ್ಲಿ 30 ಡಿಗ್ರಿಗೆ ಬಿಸಿ ಮಾಡಿ ವಾಪಸ್ ಮೈನಸ್ 90ಕ್ಕೆ ಇಳಿಸಿದಾಗ ನಕ್ಷತ್ರಗಳ ಸುತ್ತ ಇದೇ ತರದ ಮಬ್ಬು ಬಂತು. ಹಲವು ಸಲ, ದಿನಗಟ್ಟಲೆ ಮೆಲ್ಲಗೆ ಬಿಸಿ ಮಾಡಿ 2002ರಲ್ಲಿ ಸರಿಮಾಡಿದರು. ಯೂಕ್ಲಿಡ್ ದೂರದರ್ಶಕ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿದೆ, ಅಲ್ಲೂ ಕನ್ನಡಿಗೆ ಐಸ್ ಹಿಡಿಯಿತು. ಎಲ್ಲ ಹೀಟರ್ ಹಾಕಿದ್ದರೆ ಐಸ್ ಹೋಗುತ್ತಿತ್ತು, ಆದರೆ ಬಿಸಿಗೆ ಭಾಗಗಳು ಹಿಗ್ಗಿ ಜೋಡಣೆಯೇ ತಪ್ಪುವ ಭಯ ಇತ್ತು, ಅದಕ್ಕೇ 2024ರ ಮಾರ್ಚ್‌ನಲ್ಲಿ ಮೊದಲು ಒಂದೇ ಕನ್ನಡಿಯನ್ನು ಮೈನಸ್ 147ರಿಂದ ಮೈನಸ್ 113ಕ್ಕೆ ಏರಿಸಿ ನೋಡಿದರು. ಬೆಳಕು 15% ಜಾಸ್ತಿ ಬಂತು!

ನೀವೂ ಹೇರ್ ಡ್ರೈಯರ್ ಹಿಡಿಯಬೇಡಿ. ಕ್ಯಾಮೆರಾ ರೂಮಿನ ಬಿಸಿಗೆ ಬರಲಿ. ಸಿಲಿಕಾ ಜೆಲ್ ಹೊಸದು ಹಾಕಿ, ಹೊರಗಿನ ಗಾಳಿ ಒಳಬಾರದಂತೆ ತಡೆಯುವ ರಬ್ಬರ್ ರಿಂಗ್ ಸರಿಯಾಗಿ ಕೂತಿದೆಯಾ ನೋಡಿ, ಒಂದು ದಿನ ಹಾಗೇ ಬಿಡಿ. ಆಮೇಲೆ ನಿಧಾನಕ್ಕೆ ಇಳಿಸಿ, ಮೈನಸ್ 5 ಸಾಕು. ನಾಯ್ಸ್ ಸ್ವಲ್ಪ ಏರುತ್ತದೆ, ಆದರೆ ಮಬ್ಬಿಗಿಂತ ಅದು ವಾಸಿ ಅಲ್ವಾ?

ತೋಟದಮನೆ:
ರಬ್ಬರ್ ರಿಂಗ್ ಒಂದು ಕಡೆ ಮಡಚಿಕೊಂಡಿತ್ತು ಸರ್! ಸರಿ ಕೂರಿಸಿ, ಜೆಲ್ ಬದಲಾಯಿಸಿದೆ. ರಾತ್ರಿ ಮೂರು ಗಂಟೆ ತೆಗೆದೆ, ಎಲ್ಲ ಸ್ವಚ್ಛ. ಕೃತ್ತಿಕೆಯ ಸುತ್ತ ಮಾತ್ರ ನೀಲಿ ಮಬ್ಬು ಉಳಿದಿದೆ, ಅದೂ ಐಸಾ?

ಹಾಸನದಹುಡುಗ:
ಇಲ್ಲ ಸರ್, ಅದು ಅಲ್ಲಿ ನಿಜವಾಗಿ ಇರುವ ಧೂಳು, ನಕ್ಷತ್ರಗಳ ಬೆಳಕು ಬಿದ್ದು ನೀಲಿಯಾಗಿ ಕಾಣುತ್ತದೆ. ಅದು ಸಿಕ್ಕಿದೆ ಅಂದರೆ ಕ್ಯಾಮೆರಾ ಚೆನ್ನಾಗಿದೆ. ಚಿತ್ರ ಇಲ್ಲಿ ಹಾಕಿ.