ಅಪ್ಪ-ಅಮ್ಮನಿಗೆ ಷೆಂಗೆನ್ ವೀಸಾ: ಅರ್ಜಿ ಫ್ರಾನ್ಸ್‌ಗೋ ಸ್ವಿಟ್ಜರ್ಲೆಂಡ್‌ಗೋ? ಐಟಿ ರಿಟರ್ನ್ಸ್ ಇಲ್ಲದಿದ್ದರೆ?

ಶಿರಸಿ_ಹುಡುಗ:
ಮೇ ತಿಂಗಳಲ್ಲಿ ಅಪ್ಪ, ಅಮ್ಮ, ನಾನು ಹೋಗುವ ಯೋಚನೆ. ಪ್ಯಾರಿಸ್ 4 ರಾತ್ರಿ, ಅಲ್ಲಿಂದ ರೈಲಿನಲ್ಲಿ ಲಂಡನ್ 3 ರಾತ್ರಿ, ಆಮೇಲೆ ವಿಮಾನದಲ್ಲಿ ಜ್ಯೂರಿಕ್‌ಗೆ ಹೋಗಿ ಸ್ವಿಟ್ಜರ್ಲೆಂಡ್‌ನಲ್ಲಿ 5 ರಾತ್ರಿ, ಅಲ್ಲಿಂದಲೇ ವಾಪಸ್. ಪ್ರಶ್ನೆಗಳು:
ಫ್ರಾನ್ಸ್‌ನ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತಿದೆ, ಮೊದಲು ಇಳಿಯುವುದೂ ಅಲ್ಲೇ. ಅಲ್ಲೇ ಹಾಕಬಹುದಾ?
ಅಪ್ಪನದು ಅಡಿಕೆ ತೋಟ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ಸ್ ಹಾಕಿಲ್ಲ. ಅದರ ಬದಲು ಏನು ಕೊಡಬೇಕು?
ಇಬ್ಬರ ಪಾಸ್‌ಪೋರ್ಟ್‌ನಲ್ಲೂ ಸರ್‌ನೇಮ್ ಜಾಗ ಖಾಲಿ. ತೊಂದರೆ ಆಗುತ್ತಾ?

ಗಡಿದಾಟು:
ಸ್ವಿಟ್ಜರ್ಲೆಂಡ್‌ಗೇ ಹಾಕಬೇಕು. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು; ಅದರಲ್ಲಿ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಅರ್ಜಿ ಅಲ್ಲಿಗೆ. ಮೊದಲು ಎಲ್ಲಿ ಇಳಿಯುತ್ತೀರಿ ಅನ್ನುವುದು ದಿನಗಳು ಸಮ ಬಂದಾಗ ಮಾತ್ರ ಲೆಕ್ಕ. ಸ್ಲಾಟ್ ಸಿಕ್ಕಿತು ಅಂತ ಫ್ರಾನ್ಸ್‌ಗೆ ಹಾಕಿದರೆ ನಿಮ್ಮ ಹೋಟೆಲ್ ಬುಕಿಂಗ್‌ಗಳೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತವೆ. ಕೆಲವರು ಇದಕ್ಕಾಗಿ ಪ್ಯಾರಿಸ್‌ನಲ್ಲಿ ಎರಡು ರಾತ್ರಿ ಸುಳ್ಳು ಬುಕಿಂಗ್ ಸೇರಿಸಿ, ವೀಸಾ ಬಂದ ಮೇಲೆ ರದ್ದು ಮಾಡುತ್ತಾರೆ. ಬೇಡ. ವೀಸಾ ಕೊಟ್ಟ ಮೇಲೂ ಅದನ್ನು ವಾಪಸ್ ಪಡೆಯುವ ಅಧಿಕಾರ ಅವರಿಗಿದೆ.

ನಿಮ್ಮ ನಿಜವಾದ ತಲೆನೋವು ಲಂಡನ್. ಬ್ರಿಟನ್ ಷೆಂಗೆನ್‌ನಲ್ಲಿಲ್ಲ, ಅದರ ವೀಸಾವೇ ಬೇರೆ. ಪ್ಯಾರಿಸ್‌ನ ಗಾರ್ ದು ನೋರ್ ಸ್ಟೇಷನ್ನಿನಲ್ಲಿ ರೈಲು ಹತ್ತುವ ಮೊದಲೇ ಷೆಂಗೆನ್‌ನಿಂದ ನಿರ್ಗಮನವೂ ಆಗುತ್ತದೆ, ಬ್ರಿಟನ್ ಪ್ರವೇಶದ ತಪಾಸಣೆಯೂ ಆಗುತ್ತದೆ. ಸಿಂಗಲ್ ಎಂಟ್ರಿ ವೀಸಾ ಆಗಿದ್ದರೆ ಅಲ್ಲಿಗೇ ಮುಗಿಯಿತು, ಜ್ಯೂರಿಕ್‌ಗೆ ಒಳಗೆ ಬಿಡುವುದಿಲ್ಲ. ಎರಡು ದಾರಿ:
– ಬ್ರಿಟನ್ ವೀಸಾ ಮೊದಲು ಮಾಡಿಸಿ, ಅದರ ಪ್ರತಿ ಲಗತ್ತಿಸಿ, ಷೆಂಗೆನ್ ಅರ್ಜಿಯಲ್ಲಿ ಮಲ್ಟಿಪಲ್ ಎಂಟ್ರಿ ಕೇಳಿ. ಯಾಕೆ ಅಂತ ಕವರಿಂಗ್ ಲೆಟರ್‌ನಲ್ಲಿ ಒಂದು ಸಾಲು ಬರೆಯಿರಿ.
– ಅಥವಾ ಲಂಡನ್ನನ್ನು ಪ್ರವಾಸದ ಮೊದಲಿಗೋ ಕೊನೆಗೋ ಸರಿಸಿ. ಸಿಂಗಲ್ ಎಂಟ್ರಿಯೇ ಸಾಕು. ವಯಸ್ಸಾದವರ ಜೊತೆ ಹೋಗುವಾಗ ನನ್ನ ಮತ ಇದಕ್ಕೇ.

ದಿನಾಂಕ: ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಆದರೆ 45ರ ತನಕ ಎಳೆಯುವ ಅವಕಾಶ ಅವರಿಗಿದೆ. ಆ ಅವಧಿಯಲ್ಲಿ ಪಾಸ್‌ಪೋರ್ಟ್ ಅವರ ಹತ್ತಿರ ಇರುತ್ತದೆ. ಎರಡು ವೀಸಾ ಬೇಕಾದ್ದರಿಂದ ಫೆಬ್ರವರಿಯಲ್ಲೇ ಶುರು ಮಾಡಿ.

ಪಹಣಿ_ಪತ್ರ:
ಹಣದ ಕಾಗದಗಳ ಬಗ್ಗೆ. ಅಧಿಕಾರಿ ನೋಡುವುದು ಎರಡು ಬೇರೆ ಬೇರೆ ವಿಷಯ: ಖರ್ಚಿಗೆ ಕೈಯಲ್ಲಿ ಹಣ ಇದೆಯೇ, ವಾಪಸ್ ಬರಲು ಕಾರಣ ಇದೆಯೇ. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ನಾಲ್ಕು ಎಕರೆ ತೋಟದ ಪಹಣಿ ಖರ್ಚಿಗೆ ಪುರಾವೆ ಅಲ್ಲ, ವಾಪಸ್ ಬರುವುದಕ್ಕೆ ಪುರಾವೆ. ಎಫ್‌ಡಿ ಕೂಡ ಪೂರಕ ದಾಖಲೆ ಅಷ್ಟೇ, ಮುಖ್ಯವಾದದ್ದು ಉಳಿತಾಯ ಖಾತೆ.

ಅಪ್ಪನ ಕಡೆಯಿಂದ: ಪಹಣಿ, ಅಡಿಕೆ ಮಾರಿದ ಪಟ್ಟಿಗಳು, ಆ ಹಣ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್. ಪಟ್ಟಿಯ ಮೊತ್ತವೂ ಜಮಾ ಮೊತ್ತವೂ ತಾಳೆಯಾಗಬೇಕು. ಅಂಥ ಸಾಲುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಡಿ. ಕನ್ನಡದ ದಾಖಲೆಗಳ ಜೊತೆ ಇಂಗ್ಲಿಷ್ ಅನುವಾದ ಇಡಿ. ಸಹಕಾರಿ ಸಂಘದ ಕೈಬರಹದ ಪಾಸ್‌ಬುಕ್ ಒಂದನ್ನೇ ನಂಬಬೇಡಿ. ಮೊಹರು, ಸಹಿ ಇರುವ ಮುದ್ರಿತ ಸ್ಟೇಟ್‌ಮೆಂಟ್ ಬೇಕು. ಪತ್ರದಲ್ಲಿ ನೇರವಾಗಿ ಬರೆಯಿರಿ: ಆದಾಯ ಪೂರ್ತಿ ಕೃಷಿಯದು, ಭಾರತದಲ್ಲಿ ಅದಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ಇಲ್ಲ. ಮುಚ್ಚಿಟ್ಟರೆ ಕಾಗದ ಬಿಟ್ಟುಹೋಗಿದೆ ಎಂದೇ ಎಣಿಸುತ್ತಾರೆ.

ಖರ್ಚು ನಿಮ್ಮದಾದರೆ ಪ್ರಾಯೋಜಕ ಪತ್ರ, ನಿಮ್ಮ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ರಿಟರ್ನ್ಸ್, ಜೊತೆಗೆ ಅವರ ಮಗ ಅನ್ನುವುದಕ್ಕೆ ದಾಖಲೆ. ನಿಮ್ಮ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆ-ತಾಯಿ ಹೆಸರಿದ್ದರೆ ಅದೇ ನಡೆಯುತ್ತದೆ. ಸ್ವಿಸ್ ಮಾನದಂಡ ಒಬ್ಬರಿಗೆ ದಿನಕ್ಕೆ 100 ಫ್ರಾಂಕ್. ಅರ್ಜಿಗೆ ವಾರದ ಹಿಂದೆ ಒಮ್ಮೆಲೇ ಐದು ಲಕ್ಷ ತುಂಬಿಸಿದ ಖಾತೆ, ಒಂದೂವರೆ ಲಕ್ಷ ಸದಾ ಇರುವ ಖಾತೆಗಿಂತ ಹೆಚ್ಚು ಅನುಮಾನ ಹುಟ್ಟಿಸುತ್ತದೆ.

ಬೋರ್ಡಿಂಗ್_ಪಾಸ್:
ಹೆಸರಿನ ವಿಷಯ: ಸರ್‌ನೇಮ್ ಖಾಲಿ ಇದ್ದರೆ ಷೆಂಗೆನ್ ವೀಸಾ ನಿಲ್ಲುವುದಿಲ್ಲ. ಅರ್ಜಿ, ವಿಮೆ, ಹೋಟೆಲ್ ಮೂರರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹೆಸರು ಇರಲಿ. ಆಧಾರ್ ನೋಡಿ ಇನಿಷಿಯಲ್ ಸೇರಿಸಬೇಡಿ. ಟಿಕೆಟ್‌ಗೆ ಮಾತ್ರ ಒಂದೊಂದು ವಿಮಾನ ಕಂಪನಿಯದು ಒಂದೊಂದು ಪದ್ಧತಿ, ಅವರು ಹೇಳಿದಂತೆ ತುಂಬಿ. ದುಬೈಯಲ್ಲಿ ಇಳಿದು ಊರು ನೋಡುವ ಆಲೋಚನೆ ಇದ್ದರೆ ಎಚ್ಚರ: ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ಯುಎಇ 2022ರ ನವೆಂಬರ್‌ನಿಂದ ನಿರ್ಬಂಧ ತಂದಿದೆ.

ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ಬಿಡುವ ದಿನದಿಂದ ಕನಿಷ್ಠ 3 ತಿಂಗಳು ಬಾಳಬೇಕು, ಎರಡು ಪುಟ ಖಾಲಿ ಇರಬೇಕು. ಫೋಟೋ 35×45 ಮಿ.ಮೀ. ವಿಮೆ ಕನಿಷ್ಠ 30,000 ಯೂರೋ, ಇಡೀ ಷೆಂಗೆನ್‌ಗೆ. 70 ದಾಟಿದವರಿಗೆ ಕೆಲವು ಪಾಲಿಸಿಗಳಲ್ಲಿ ಮೊತ್ತ ಇಳಿಯುತ್ತದೆ, ಪ್ರಮಾಣಪತ್ರ ಓದಿ ನೋಡಿ. ಹೋಟೆಲ್ ಬುಕಿಂಗ್‌ನಲ್ಲಿ ಮೂವರ ಹೆಸರೂ ಇರಲಿ. ಮಗನ ಹೆಸರೊಂದೇ ಇದ್ದರೆ ಅಪ್ಪ-ಅಮ್ಮನಿಗೆ ವಸತಿ ಪುರಾವೆ ಇಲ್ಲ ಅನ್ನುತ್ತಾರೆ. ಶುಲ್ಕ ದೊಡ್ಡವರಿಗೆ 90 ಯೂರೋ, ರೂಪಾಯಿಯಲ್ಲಿ ಕಟ್ಟುವುದು, ಅರ್ಜಿ ತೆಗೆದುಕೊಳ್ಳುವ ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ನಿರಾಕರಿಸಿದರೂ ವಾಪಸಿಲ್ಲ. ಮೊದಲ ಸಲದವರು ಬೆರಳಚ್ಚಿಗೆ ಖುದ್ದಾಗಿ ಬರಬೇಕು, ಆಮೇಲೆ 59 ತಿಂಗಳು ಅದೇ ನಡೆಯುತ್ತದೆ.

ಶಿರಸಿ_ಹುಡುಗ:
ಲಂಡನ್ ಕೊನೆಗೆ ಹಾಕಿದೆ. ವೀಸಾ ಬಂದ ಮೇಲೆ ಏನು ನೋಡಬೇಕು? ನಾನು ಕಳೆದ ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ಬಳಸಿದ್ದೇನೆ, ಅದರಿಂದ ಲಾಭ ಇದೆಯಾ?

ಗಡಿದಾಟು:
ಇದೆ, ಆದರೆ ನಿಮಗೆ ಮಾತ್ರ. ಭಾರತದಲ್ಲಿ ನೆಲೆಸಿರುವ ಭಾರತೀಯರಿಗೆ 2024ರ ಏಪ್ರಿಲ್‌ನಲ್ಲಿ ಬಂದ ನಿಯಮದ ಪ್ರಕಾರ, ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದವರಿಗೆ 2 ವರ್ಷದ ಮಲ್ಟಿಪಲ್ ಎಂಟ್ರಿ ಸಿಗಬಹುದು. ಪಾಸ್‌ಪೋರ್ಟ್‌ನಲ್ಲಿ ಅಷ್ಟು ಅವಧಿ ಉಳಿದಿರಬೇಕು. ಹಳೆಯ ವೀಸಾಗಳ ಪ್ರತಿ ಲಗತ್ತಿಸಿ.

ಸ್ಟಿಕ್ಕರ್‌ನಲ್ಲಿ ಎರಡು ಲೆಕ್ಕ ಇರುತ್ತದೆ: ಇಂಥ ದಿನದಿಂದ ಇಂಥ ದಿನದ ತನಕ ಅಂತ ಒಂದು, ಇರಬಹುದಾದ ದಿನಗಳ ಸಂಖ್ಯೆ ಇನ್ನೊಂದು. ಎರಡನೆಯದು ಕಡಿಮೆ ಇರುತ್ತದೆ, ಅದನ್ನು ಮೀರುವಂತಿಲ್ಲ. ಬಂದ ದಿನ, ಹೊರಟ ದಿನ ಎರಡೂ ಎಣಿಕೆಗೆ ಸೇರುತ್ತವೆ. ಅಂದರೆ ನಿಮ್ಮ 9 ರಾತ್ರಿಗೆ 10 ದಿನ. ಫ್ರಾಂಕ್‌ಫರ್ಟ್ ಮೂಲಕ ಪ್ಯಾರಿಸ್‌ಗೆ ಹೋದರೆ ಪ್ರವೇಶ ಫ್ರಾಂಕ್‌ಫರ್ಟ್‌ನಲ್ಲೇ ಆಗುತ್ತದೆ. ಎರಡು ವಿಮಾನಗಳ ನಡುವೆ ಒಂದೇ ಗಂಟೆ ಇಟ್ಟುಕೊಳ್ಳಬೇಡಿ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಮುದ್ರೆಯ ಬದಲು ಮುಖ, ಬೆರಳು ದಾಖಲಿಸುವ ವ್ಯವಸ್ಥೆ ಶುರುವಾಗಿದೆ, ಮೊದಲ ಸಲ ಸಾಲು ನಿಧಾನ. ಹೋಟೆಲ್, ಲಂಡನ್ ರೈಲು ಅಥವಾ ವಿಮಾನದ ಟಿಕೆಟ್, ವಾಪಸ್ ಟಿಕೆಟ್, ವಿಮೆ ಇವುಗಳ ಪ್ರತಿ ಅಪ್ಪನ ಕೈಚೀಲದಲ್ಲೂ ಒಂದು ಸೆಟ್ ಇರಲಿ. ವೀಸಾ ಇದ್ದರೂ ಗಡಿಯಲ್ಲಿ ಇವನ್ನು ಕೇಳುವ ಹಕ್ಕು ಅಧಿಕಾರಿಗಿದೆ, ಆ ಹೊತ್ತಿಗೆ ನೀವು ಪಕ್ಕದ ಸಾಲಿನಲ್ಲಿರಬಹುದು.